1986ರ ಬೋರ್ಡೋ ವೈನುಗಳ ಜೊತೆ ಒಂದು ಊಟ

ನಮಸ್ಕಾರ. ಹಳೆಯ ವೈನಿನ ಬಗ್ಗೆ ಮಾತಾಡಬೇಕು ಎಂದು ಆಯೋಜಕರು ಕೇಳಿದಾಗ, ಒಂದೇ ಒಂದು ವರ್ಷ ಸಾಕು ಎಂದೆ. ಆ ವರ್ಷ 1986. ಜಾಗ ಫ್ರಾನ್ಸಿನ ಬೋರ್ಡೋ. ನಾವು 12 ಮಂದಿ ಸೇರಿ ಆ ವರ್ಷದ ಒಂಬತ್ತು ಕೆಂಪು ವೈನುಗಳನ್ನೂ ಕೊನೆಗೆ ಒಂದು ಸಿಹಿ ವೈನನ್ನೂ ಒಂದೇ ರಾತ್ರಿ ಊಟದ ಜೊತೆ ರುಚಿ ನೋಡಿದೆವು. ಅಲ್ಲಿ ಕಂಡದ್ದು ಮತ್ತು ಅದರ ಹಿಂದಿನ ಕಾರಣಗಳು, ಇವಿಷ್ಟೇ ಇವತ್ತಿನ ಮಾತು.

ಹೀಗೆ ಗುಂಪಾಗಿ ರುಚಿ ನೋಡುವುದರಲ್ಲಿ ಎರಡು ಬಗೆ ಇದೆ. ಒಂದೇ ತೋಟದ ಬೇರೆ ಬೇರೆ ವರ್ಷಗಳನ್ನು ಸಾಲಾಗಿ ಇಡಬಹುದು. ಇಲ್ಲವೇ ಒಂದೇ ವರ್ಷದ ಬೇರೆ ಬೇರೆ ತೋಟಗಳನ್ನು ಇಡಬಹುದು. ಮೊದಲನೆಯದಕ್ಕೆ ಹೆಸರು ಜಾಸ್ತಿ. ಒಂದು ಶಾತೋದ, ಅಂದರೆ ಒಂದು ವೈನ್ ತೋಟದ, ಇಪ್ಪತ್ತು ವರ್ಷ ಎಂದರೆ ಕೇಳುವುದಕ್ಕೇ ದೊಡ್ಡದಾಗಿರುತ್ತದೆ. ಆದರೆ ಕಲಿಯುವವರಿಗೆ ಎರಡನೆಯದೇ ವಾಸಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸು ಒಂದೇ. ಆ ವರ್ಷದ ಬಿಸಿಲು ಹೆಚ್ಚುಕಮ್ಮಿ ಒಂದೇ. ಹಾಗಿದ್ದೂ ಪಕ್ಕಪಕ್ಕದ ಎರಡು ಗ್ಲಾಸುಗಳು ಇಷ್ಟೊಂದು ಬೇರೆ ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಮಣ್ಣು, ದ್ರಾಕ್ಷಿಯ ತಳಿ, ಕೊಯ್ಲಿನ ದಿನ ಎಲ್ಲವೂ ಒಂದೊಂದಾಗಿ ಎದುರಿಗೆ ಬರುತ್ತವೆ. 1986ರಲ್ಲಂತೂ ಕೊಯ್ಲಿನ ದಿನವೇ ಎಲ್ಲಕ್ಕಿಂತ ಮುಖ್ಯ. ಆ ವರ್ಷ ಕಾದವರು ಗೆದ್ದರು.

ಊರಿನ ನಕ್ಷೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಗಾರೋನ್ ಮತ್ತು ಡೋರ್ಡೋನ್ ಎಂಬ ಎರಡು ನದಿಗಳು ಸೇರಿ ಜಿರೋಂಡ್ ಎಂಬ ಅಗಲವಾದ ಅಳಿವೆಯಾಗುತ್ತದೆ. ಅಳಿವೆಯ ಎಡದಂಡೆಯಲ್ಲಿ ಮೆಡಾಕ್ ಸೀಮೆ. ಸೇಂಟ್ ಎಸ್ತೆಫ್, ಪೋಯಾಕ್, ಸೇಂಟ್ ಜೂಲಿಯನ್, ಮಾರ್ಗೋ ಎಲ್ಲ ಅಲ್ಲೇ, ಉತ್ತರದಿಂದ ದಕ್ಷಿಣಕ್ಕೆ ಇದೇ ಸಾಲಿನಲ್ಲಿ. ಬೋರ್ಡೋ ನಗರದ ಆಚೆ, ದಕ್ಷಿಣಕ್ಕೆ, ಗ್ರಾವ್. ಇಲ್ಲೆಲ್ಲ ನೆಲ ಗರಸು. ನೀರು ನಿಲ್ಲುವುದಿಲ್ಲ, ಕಲ್ಲು ಬೇಗ ಕಾಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋ ತಳಿಗೆ ಬೇಕಾದದ್ದು ಅದೇ. ಬಲದಂಡೆಯ ಕಡೆ, ಡೋರ್ಡೋನ್ ನದಿಯ ಹತ್ತಿರ, ಸೇಂಟ್ ಎಮಿಲಿಯನ್ ಮತ್ತು ಪೋಮೆರೋಲ್. ಅಲ್ಲಿ ಜೇಡಿಮಣ್ಣು, ಸುಣ್ಣಕಲ್ಲು ಜಾಸ್ತಿ. ನೆಲ ತಂಪು. ಹಾಗಾಗಿ ಬೇಗ ಹಣ್ಣಾಗುವ ಮೆರ್ಲೋ ಅಲ್ಲಿನ ಮುಖ್ಯ ತಳಿ, ಜೊತೆಗೆ ಕ್ಯಾಬರ್ನೆ ಫ್ರಾಂಕ್.

ಈಗ ಆ ವರ್ಷಕ್ಕೆ ಬರೋಣ. 1986ರ ವಸಂತ ಚಳಿಯಾಗಿತ್ತು, ಚಿಗುರು ತಡವಾಯಿತು. ಜೂನ್‌ನಲ್ಲಿ ಹೂವು ಚೆನ್ನಾಗಿ ಕಚ್ಚಿತು. ಗೊಂಚಲು ತುಂಬ ಬಂದವು. ಬೇಸಿಗೆ ಬಿಸಿ, ಒಣ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಜೋರು ಮಳೆ ಬಂತು. ಎಲ್ಲ ಕಡೆಗೂ ಒಂದೇ ಸಮ ಬೀಳಲಿಲ್ಲ. ಬೋರ್ಡೋ ನಗರದ ಸುತ್ತ, ಗ್ರಾವ್ ಕಡೆ ಹೊಡೆತ ಜೋರಾಗಿತ್ತು. ಮೆಡಾಕ್‌ನ ಉತ್ತರಕ್ಕೆ ಹೋದಂತೆ ಮಳೆ ಕಡಿಮೆ. ಪೋಯಾಕ್ ಬೋರ್ಡೋ ನಗರದಿಂದ ಸುಮಾರು 50 ಕಿ.ಮೀ. ಉತ್ತರಕ್ಕಿದೆ. ಅಷ್ಟು ದೂರವೇ ಸಾಕಾಯಿತು.

ಮಳೆ ಬಂದಾಗ ಮೆರ್ಲೋ ಹಣ್ಣಾಗಿ ಕೊಯ್ಲಿಗೆ ನಿಂತಿತ್ತು. ಅದರ ಸಿಪ್ಪೆ ತೆಳು. ನೀರು ಕುಡಿದು ಹಣ್ಣು ಊದಿಕೊಂಡರೆ ರಸ ತೆಳ್ಳಗಾಗುತ್ತದೆ. ಕ್ಯಾಬರ್ನೆ ಸೊವಿನ್ಯೋ ಹಾಗಲ್ಲ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಿಡಿಬಿಡಿಯಾದ ಗೊಂಚಲು. ಅದಿನ್ನೂ ಪೂರ್ತಿ ಮಾಗಿರಲಿಲ್ಲ. ಮಳೆ ನಿಂತ ಮೇಲೆ ಮತ್ತೆ ಒಣ ಹವೆ ಬಂತು. ಅಕ್ಟೋಬರ್‌ನಲ್ಲಿ ಒಳ್ಳೆ ಬಿಸಿಲು ಕಾಯಿತು. ಗಾಬರಿಯಲ್ಲಿ ಬೇಗ ಕೊಯ್ದವರಿಗೆ ನೀರಾದ ವೈನ್ ಸಿಕ್ಕಿತು. ಧೈರ್ಯ ಮಾಡಿ ಇನ್ನೂ ಒಂದಷ್ಟು ದಿನ ಬಿಟ್ಟವರಿಗೆ ಗಟ್ಟಿಯಾದ, ಬಣ್ಣ ತುಂಬಿದ, ಒಗರು ಜಾಸ್ತಿಯಿದ್ದ ಕ್ಯಾಬರ್ನೆ ಸಿಕ್ಕಿತು. ಕಾಯೋದು ಅಂದರೆ ಸುಮ್ನೆ ಅಲ್ಲ. ಇನ್ನೊಂದು ಮಳೆ ಬಂದಿದ್ದರೆ ಇಡೀ ವರ್ಷದ ದುಡಿಮೆ ಹೋಗುತ್ತಿತ್ತು. ಹವಾಮಾನ ಮುನ್ಸೂಚನೆ ಇವತ್ತಿನಷ್ಟು ನಿಖರವಾಗಿಲ್ಲದ ಕಾಲ ಅದು. ಆ ತೀರ್ಮಾನ ತೆಗೆದುಕೊಂಡವರ ಬಗ್ಗೆ ನನಗೆ ತುಂಬ ಗೌರವವಿದೆ.

ಬೆಳೆ ದೊಡ್ಡದಾಗಿದ್ದರಿಂದ ಇನ್ನೊಂದು ತೀರ್ಮಾನವೂ ಬೇಕಿತ್ತು. ಬಂದ ವೈನನ್ನೆಲ್ಲ ಶಾತೋದ ಮುಖ್ಯ ಹೆಸರಿನಲ್ಲಿ ಬಾಟಲಿಗೆ ತುಂಬುವುದೋ, ಆರಿಸಿ ಉಳಿದದ್ದನ್ನು ಎರಡನೆಯ ಹೆಸರಿಗೆ ಬಿಡುವುದೋ? ಶಾತೋ ಮಾರ್ಗೋಗೆ ಪಾವಿಯೋ ರೂಜ್ ಇದೆ, ಲಾತೂರ್‌ಗೆ ಲೆ ಫೋರ್ ದ ಲಾತೂರ್ ಇದೆ. ಇಂಥ ಎರಡನೆಯ ವೈನುಗಳು 1986ರಂಥ ವರ್ಷದಲ್ಲಿ ಮೊದಲನೆಯದನ್ನು ಕಾಪಾಡುತ್ತವೆ.

ಹೀಗೆ ಹುಟ್ಟಿದ ವೈನ್ ಎಳೆಯದರಲ್ಲಿ ಯಾರಿಗೂ ಸುಲಭವಾಗಿ ಒಲಿಯಲಿಲ್ಲ. 1982ರದ್ದು ಹಾಗಿರಲಿಲ್ಲ. ಅದು ಪೀಪಾಯಿಯಲ್ಲಿದ್ದಾಗಲೇ ಮನಸ್ಸು ಗೆದ್ದಿತ್ತು. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಹೆಸರು ಮಾಡಿದ್ದೇ ಆ ವರ್ಷವನ್ನು ಮೊದಲೇ ಗಟ್ಟಿಯಾಗಿ ಹೊಗಳಿ. 1985ರದ್ದೂ ಮೃದು. ಅದರ ಬೆನ್ನಿಗೆ ಬಂದ 1986 ಬಾಯಿ ಒಣಗಿಸುವಷ್ಟು ಒಗರು. ಒಗರು ಇಳಿಯುವ ಹೊತ್ತಿಗೆ ಹಣ್ಣಿನ ರುಚಿಯೂ ಹೋಗಿಬಿಟ್ಟರೆ? ಈ ಅನುಮಾನ ತುಂಬ ವರ್ಷ ಉಳಿದಿತ್ತು. ನಮ್ಮ ಊಟದ ಉದ್ದೇಶವೇ ಅದಕ್ಕೆ ಬಾಯಲ್ಲೇ ಉತ್ತರ ಕಂಡುಕೊಳ್ಳುವುದು.

ಬಾಟಲಿ ತೆರೆಯುವ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಊಟ ಗೆಲ್ಲುವುದೂ ಸೋಲುವುದೂ ಅಲ್ಲೇ. ಮಲಗಿಸಿಟ್ಟ ಹಳೆಯ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಬೇಕು. ಒಳಗಿನ ಗಸಿ ತಳಕ್ಕೆ ಇಳಿಯಲಿ ಎಂದು. ನಿಲ್ಲಿಸಿದಾಗ ಮೊದಲು ನೋಡುವುದು ವೈನಿನ ಮಟ್ಟ. ಕತ್ತಿನ ಬುಡದವರೆಗೆ ಇದ್ದರೆ ನೆಮ್ಮದಿ. ಭುಜದ ಅರ್ಧಕ್ಕೆ ಇಳಿದಿದ್ದರೆ ಕಾರ್ಕ್ ಸೋತಿದೆ, ಒಳಗೆ ಗಾಳಿ ಜಾಸ್ತಿ ಹೋಗಿದೆ ಎಂದರ್ಥ. ಮೇಲಿನ ತಗಡನ್ನು ಕತ್ತರಿಸಿ ತೆಗೆದರೆ ಕಾರ್ಕಿನ ತಲೆಯ ಮೇಲೆ ಕಪ್ಪು ಬೂಷ್ಟು ಕಾಣಬಹುದು. ಹೆದರಬೇಕಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಕಷ್ಟ ಆಮೇಲೆ. ಇಷ್ಟು ವರ್ಷದ ಕಾರ್ಕ್ ಕೆಳಗರ್ಧ ನೆನೆದಿರುತ್ತದೆ. ತಿರುಪಿನ ಓಪನರ್ ಹಾಕಿ ಎಳೆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಪುಡಿಯಾಗಿ ಬಿಡುತ್ತದೆ. ಅದಕ್ಕೇ ಎರಡು ತೆಳು ಅಲಗಿನ ಓಪನರ್ ಬಳಸಬೇಕು. ಅಲಗುಗಳನ್ನು ಕಾರ್ಕಿನ ಎರಡು ಬದಿಗೂ ಇಳಿಸಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಮೇಲೆ ತರಬೇಕು. ಅವಸರ ಮಾಡಿದರೆ ಕಾರ್ಕ್ ಒಳಗೇ ಬೀಳುತ್ತದೆ.

ಆಮೇಲೆ ಸೋಸುವುದು. ಬಾಟಲಿಯ ಕತ್ತಿನ ಹಿಂದೆ ಒಂದು ದೀಪ ಇಟ್ಟುಕೊಂಡು, ಕೈ ಅಲುಗಿಸದೆ ವೈನನ್ನು ಗಾಜಿನ ಹೂಜಿಗೆ ಬಗ್ಗಿಸಬೇಕು. ಮೊದಲು ಕತ್ತಿನಲ್ಲಿ ತಿಳಿಯಾದ ಕೆಂಪು ಹರಿಯುತ್ತದೆ. ಕೊನೆಗೆ ಒಂದು ಕಪ್ಪು ಎಳೆ ತೆವಳುತ್ತ ಬರುತ್ತದೆ. ಅದು ಕತ್ತು ತಲುಪಿದ ಕ್ಷಣ ನಿಲ್ಲಿಸಬೇಕು. ಆ ಗಸಿ ಏನು ಗೊತ್ತಾ? ಸಿಪ್ಪೆಯಿಂದ ಬಂದ ಬಣ್ಣ ಮತ್ತು ಒಗರಿನ ಅಂಶ, ಅಂದರೆ ಟ್ಯಾನಿನ್. ವರ್ಷಗಳು ಕಳೆದಂತೆ ಇವೆರಡೂ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಭಾರ ತಾಳದೆ ತಳಕ್ಕೆ ಬೀಳುತ್ತವೆ. ಎಳೆಯ ವೈನಿನಲ್ಲಿ ನಮ್ಮ ಬಾಯಿ ಒಣಗಿಸುವುದು ಈ ಟ್ಯಾನಿನ್ನೇ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಳೆಯದಾದಂತೆ ವೈನ್ ತಿಳಿಯಾಗುವುದು, ಮೃದುವಾಗುವುದು, ನೇರಳೆ ಬಣ್ಣ ಹೋಗಿ ಅಂಚಿನಲ್ಲಿ ಇಟ್ಟಿಗೆ ಕೆಂಪು ಬರುವುದು, ಎಲ್ಲ ಒಂದೇ ಕೆಲಸದ ಬೇರೆ ಬೇರೆ ಮುಖ. 1986ರ ಬಾಟಲಿಗಳಲ್ಲಿ ಗಸಿ ಧಾರಾಳವಾಗಿತ್ತು.

ಒಂದು ಬಾಟಲಿ 750 ಮಿ.ಲೀ. ಗಸಿ ಬಿಟ್ಟರೆ 12 ಮಂದಿಗೆ ತಲಾ 60 ಮಿ.ಲೀ.ಗಿಂತ ಸ್ವಲ್ಪ ಕಡಿಮೆ. ಅಷ್ಟು ಸಾಕಾ ಎಂದು ಕೇಳುತ್ತಾರೆ. ಬೇಕಾದಷ್ಟಾಯಿತು. ಒಂಬತ್ತು ಸಲ ಅಷ್ಟಷ್ಟು ಕುಡಿದರೆ ಒಬ್ಬರಿಗೆ ಮುಕ್ಕಾಲು ಬಾಟಲಿಯ ಹತ್ತಿರ ಆಗುತ್ತದೆ. ಅದಕ್ಕೇ ಪ್ರತಿಯೊಬ್ಬರ ಪಕ್ಕ ಉಗುಳುವ ಲೋಟ ಇರಲೇಬೇಕು. ಅಮಲು ಏರಿದ ಮೇಲೆ ಯಾವ ವೈನೂ ಚೆನ್ನಾಗಿಯೇ ಇರುತ್ತದೆ, ಆಗ ಇಷ್ಟು ಹಳೆಯ ಬಾಟಲಿ ತೆರೆದದ್ದು ವ್ಯರ್ಥ. ಪ್ರತಿ ಗ್ಲಾಸಿನ ಕೆಳಗೆ ಹೆಸರು ಬರೆದ ಕಾಗದ ಇಟ್ಟಿದ್ದೆವು. ಲೇಬಲ್ ಮುಚ್ಚಿಡಬೇಕು ಎಂದು ಕೆಲವರ ವಾದ. ಹೊಸ ವೈನಿಗೆ ನಾನೂ ಒಪ್ಪುತ್ತೇನೆ. ಹಳೆಯದಕ್ಕೆ ಬೇಡ. ಯಾವ ನೆಲದ್ದು ಎಂದು ಗೊತ್ತಿದ್ದು ಕುಡಿದರೇ ಹೋಲಿಸಿ ಕಲಿಯಲು ಸಾಧ್ಯ. ಒಂದು ನಿಯಮ ಮಾತ್ರ ಬಿಗಿಯಾಗಿಟ್ಟೆವು. ಪ್ರತಿ ಸುತ್ತಿನಲ್ಲೂ ಮೊದಲ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ, ಬರೆದುಕೊಳ್ಳಬೇಕು. ಇಲ್ಲದಿದ್ದರೆ ಮೊದಲು ಬಾಯಿ ಬಿಟ್ಟವರ ಅಭಿಪ್ರಾಯವೇ ಎಲ್ಲರ ನಾಲಿಗೆಗೂ ಅಂಟಿಕೊಳ್ಳುತ್ತದೆ.

ಮೂರು ಮೂರರಂತೆ ಸುತ್ತು. ಮೊದಲ ಸುತ್ತಿನಲ್ಲಿ ಸೇಂಟ್ ಎಮಿಲಿಯನ್, ಪೋಮೆರೋಲ್, ಗ್ರಾವ್. ಸೆಪ್ಟೆಂಬರ್ ಮಳೆ ಇಲ್ಲಿ ಬಾಯಿಗೆ ಸಿಗುತ್ತದೆ ಎಂದರೆ ನಂಬಿ. ಪೋಮೆರೋಲ್ ವಾಸನೆ ಚೆನ್ನಾಗಿತ್ತು, ಒಣಗಿದ ಪ್ಲಮ್ ಹಣ್ಣು, ಅಣಬೆ, ಹಸಿ ಮಣ್ಣು. ಬಾಯಿಗೆ ಹಾಕಿದರೆ ಆರಂಭ ಸೊಗಸು, ನಡುವೆ ಒಂದು ಖಾಲಿ ಜಾಗ. ರುಚಿ ಬಂದು ಎಲ್ಲೋ ತಪ್ಪಿಸಿಕೊಂಡು, ಕೊನೆಗೆ ಸ್ವಲ್ಪ ಒಗರು ಮಾತ್ರ ಉಳಿಯಿತು. ಸೇಂಟ್ ಎಮಿಲಿಯನ್‌ನಲ್ಲಿ ಕ್ಯಾಬರ್ನೆ ಫ್ರಾಂಕ್ ಪಾಲು ಜಾಸ್ತಿಯಿದ್ದದ್ದರಿಂದ ಬೆನ್ನು ಸ್ವಲ್ಪ ನೆಟ್ಟಗಿತ್ತು. ಗ್ರಾವ್‌ನದು ಹೊಗೆ, ಹೊಗೆಸೊಪ್ಪಿನ ವಾಸನೆಯದು, ತೆಳು, ಆದರೆ ಹದವಾಗಿತ್ತು. ಮೂರೂ ಕುಡಿಯಲು ಹಿತವಾದ ವೈನುಗಳೇ. ಇನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಅಷ್ಟೇ.

ಎರಡನೆಯ ಸುತ್ತು ಮಾರ್ಗೋದಿಂದ ಒಂದು, ಸೇಂಟ್ ಜೂಲಿಯನ್‌ನಿಂದ ಎರಡು. ಮಾರ್ಗೋದ್ದು ಸುಗಂಧದ ವೈನ್, ಅದರ ಬಗ್ಗೆ ಎಲ್ಲರದ್ದೂ ಒಂದೇ ಮಾತು. ಜಗಳ ಹತ್ತಿದ್ದು ಸೇಂಟ್ ಜೂಲಿಯನ್ ಬಗ್ಗೆ. ಗ್ರೂವೋ ಲಾರೋಜ್ ಮತ್ತು ಲೆಯೋವಿಲ್ ಲಾಸ್ ಕಾಸ್. ಒಂದೇ ಹಳ್ಳಿ, ಒಂದೇ ವರ್ಷ, 1855ರಲ್ಲಿ ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟ ಪಟ್ಟಿಯಲ್ಲಿ ಎರಡೂ ಎರಡನೆಯ ದರ್ಜೆ. ಗ್ರೂವೋ ಲಾರೋಜ್ ದಪ್ಪ ಮೈ. ಚರ್ಮ, ಕುದುರೆ ಲಾಯದಂಥ ಘಾಟು, ಅದರಡಿ ಕಪ್ಪು ಹಣ್ಣು. ಆ ಘಾಟು ಬ್ರೆಟನೊಮೈಸಿಸ್ ಎಂಬ ಯೀಸ್ಟಿನಿಂದ ಬರುವಂಥದ್ದು. ಆ ಕಾಲದ ಬೋರ್ಡೋದಲ್ಲಿ ಇದು ಅಪರೂಪವಲ್ಲ. ನಮ್ಮಲ್ಲಿ ಅರ್ಧ ಮಂದಿಗೆ ಅದೇ ಬೇಕು, ಉಳಿದವರಿಗೆ ಬೇಡವೇ ಬೇಡ. ನನಗೆ ಸ್ವಲ್ಪ ಇದ್ದರೆ ಇಷ್ಟ. ಲಾಸ್ ಕಾಸ್ ಮಾತ್ರ ಕಡ್ಡಿ ಹಾಗೆ ನೆಟ್ಟಗೆ ನಿಂತಿತ್ತು. ಇನ್ನೂ ಗಾಢ ಬಣ್ಣ. ದೇವದಾರು ಮರದ ವಾಸನೆ. ಒಗರು ಇತ್ತು, ಒರಟು ಇರಲಿಲ್ಲ. ಅದರ ತೋಟದ ಬಹುಭಾಗ ಪೋಯಾಕ್ ಗಡಿಗೇ ತಾಗಿಕೊಂಡಿದೆ, ಲಾತೂರ್‌ನ ಪಕ್ಕದಲ್ಲೇ. ಹಳ್ಳಿಯ ಹೆಸರು ಒಂದೇ ಆದರೂ ನೆಲ ಬೇರೆ ಅನ್ನೋದು ಎರಡು ಗ್ಲಾಸು ಪಕ್ಕ ಇಟ್ಟಾಗ ಚೆನ್ನಾಗಿ ತಿಳಿಯಿತು.

ಸೇಂಟ್ ಜೂಲಿಯನ್ ಹೆಸರು ಬಂದಾಗ ಕೃಷಿಕರು ಯಾರಾದರೂ ಇದ್ದರೆ ಅವರಿಗಾಗಿ ಒಂದು ಮಾತು. ಬೋರ್ಡೋ ದ್ರಾವಣ ನಿಮಗೆಲ್ಲ ಗೊತ್ತಲ್ವಾ? ಅದರ ಕಥೆ ಶುರುವಾದದ್ದು ಇದೇ ಹಳ್ಳಿಯ ಸುತ್ತ. ದಾರಿಹೋಕರು ದ್ರಾಕ್ಷಿ ಕದಿಯಬಾರದು ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಎಂದು 1882ರಲ್ಲಿ ಗಮನಿಸಿದವರು ಬೋರ್ಡೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಕೊನೆಯ ಸುತ್ತು ಪೋಯಾಕ್‌ನ ಪಿಶೋ ಲಾಲಾಂದ್, ಮೂತೋ ರೋತ್‌ಶೀಲ್ಡ್, ಮತ್ತು ಸೇಂಟ್ ಎಸ್ತೆಫ್‌ನ ಮೋಂತ್ರೋಸ್. ಮೂತೋ ಬಗ್ಗೆ ಹೇಳದೆ 1986ರ ಮಾತು ಮುಗಿಯುವುದಿಲ್ಲ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಬೆಲೆ ನೋಡಿ ಪಟ್ಟಿ ಮಾಡಿದಾಗ ಲಾಫೀತ್, ಲಾತೂರ್, ಮಾರ್ಗೋ, ಒ-ಬ್ರಿಯೋ ಮೊದಲ ದರ್ಜೆಗೆ ಬಂದವು. ಮೂತೋ ಎರಡನೆಯದರಲ್ಲಿ ಉಳಿಯಿತು. ಬ್ಯಾರನ್ ಫಿಲಿಪ್ ದ ರೋತ್‌ಶೀಲ್ಡ್ ಹೋರಾಡಿ 1973ರಲ್ಲಿ ಅದನ್ನು ಮೊದಲ ದರ್ಜೆಗೆ ಏರಿಸಿದರು. 1945ರಿಂದ ಪ್ರತಿ ವರ್ಷ ಒಬ್ಬ ಕಲಾವಿದರಿಂದ ಲೇಬಲ್ ಬರೆಸುವ ಪದ್ಧತಿಯೂ ಅವರದ್ದೇ. 1986ರದ್ದು ಹೈಟಿಯ ಬರ್ನಾರ್ ಸೆಜೂರ್ನೆ ಅವರ ಚಿತ್ರ. 1988ರ ಜನವರಿಯಲ್ಲಿ ಬ್ಯಾರನ್ ತೀರಿಕೊಂಡರು. ಈ ವೈನ್ ಪೂರ್ತಿ ಮಾಗಿದ್ದನ್ನು ಅವರು ನೋಡಲಿಲ್ಲ.

ಗ್ಲಾಸಿಗೆ ಬಗ್ಗಿಸಿದ ಕೂಡಲೇ ಅದು ಏನನ್ನೂ ಬಿಟ್ಟುಕೊಡಲಿಲ್ಲ. ಹೂಜಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇದ್ದರೂ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಪೆನ್ಸಿಲ್ ಕೆತ್ತಿದಾಗ ಬರುವ ವಾಸನೆ, ಆಮೇಲೆ ಕಪ್ಪು ದ್ರಾಕ್ಷಿಗಿಂತ ಗಾಢವಾದ ಹಣ್ಣು, ಕೊನೆಗೆ ಪುದೀನದಂಥ ಒಂದು ತಂಪು. ನುಂಗಿದ ಮೇಲೂ ರುಚಿ ಉಳಿದೇ ಇತ್ತು. ಒಗರು ಇಳಿಯುವ ಹೊತ್ತಿಗೆ ಹಣ್ಣು ಹೋಗಿಬಿಡುತ್ತದೆ ಎಂಬ ಹಳೆಯ ಅನುಮಾನಕ್ಕೆ ಈ ಗ್ಲಾಸೇ ಉತ್ತರ. ಹೋಗಿಲ್ಲ. ಪಿಶೋ ಲಾಲಾಂದ್ ಇದಕ್ಕಿಂತ ಮೊದಲೇ ಮಾಗಿ ಕೈಗೆ ಸಿಗುವ ವೈನ್. ಊಟಕ್ಕೆ ಒಂದೇ ಬಾಟಲಿ ಆರಿಸು ಎಂದರೆ ಅದನ್ನೇ ಆರಿಸುತ್ತೇನೆ. ಮೂತೋ ಅಂದರೆ ಕೂತು ಗಮನ ಕೊಡಬೇಕಾದ್ದು. ಮೋಂತ್ರೋಸ್ ಬಿಗಿಯಾಗಿಯೇ ಇತ್ತು.

ಒಂಬತ್ತರಲ್ಲಿ ಒಂದು ಬಾಟಲಿ ಕೆಟ್ಟಿತ್ತು. ಯಾವುದು ಎಂದು ಹೇಳುವುದಿಲ್ಲ, ತಪ್ಪು ತೋಟದ್ದಲ್ಲ, ಕಾರ್ಕಿನದ್ದು. ಗ್ಲಾಸಿಗೆ ಮೂಗು ಇಟ್ಟರೆ ಒದ್ದೆ ರಟ್ಟಿನ ಮುಗ್ಗಲು ವಾಸನೆ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಅದಕ್ಕೆ ಕಾರಣ. ಒಂದು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಸಾಕು, ಹಣ್ಣಿನ ವಾಸನೆಯನ್ನೆಲ್ಲ ಮುಚ್ಚಿಬಿಡುತ್ತದೆ. ಇದಕ್ಕಾಗಿಯೇ ಮೀಸಲು ಬಾಟಲಿ ತಂದಿದ್ದೆವು, ಅದನ್ನು ತೆರೆದೆವು. ಇಲ್ಲಿ ನಿಮಗೆ ಒಂದು ವಿಷಯ ಒತ್ತಿ ಹೇಳಬೇಕು. ಹಳೆಯ ವೈನಿಗೆ ಯಾರೋ ಕೊಟ್ಟ ಅಂಕ ಅವರು ಕುಡಿದ ಬಾಟಲಿಯ ಅಂಕ. ನಿಮ್ಮ ಬಾಟಲಿ ಯಾವ ಗೋದಾಮಿನಲ್ಲಿ, ಯಾವ ಬಿಸಿಯಲ್ಲಿ, ಎಂಥ ಕಾರ್ಕಿನಡಿ ಇಷ್ಟು ವರ್ಷ ಕಳೆಯಿತು ಎಂಬುದು ಅದರಲ್ಲಿ ಇಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾರ, ಹುಳಿ, ಗಾಢ ಮಸಾಲೆ ಏನೂ ಬೇಡ. ಪೋಯಾಕ್‌ನವರು ತಮ್ಮ ವೈನಿಗೆ ತಮ್ಮದೇ ಸೀಮೆಯ ಎಳೆ ಕುರಿಮಾಂಸ ಇಡುತ್ತಾರೆ, ಉಪ್ಪು ಹಾಕಿ ಸುಟ್ಟದ್ದು. ನಾವೂ ಅದೇ ಮಾಡಿದೆವು. ಜೊತೆಗೆ ಕೊಂತೆ ಎಂಬ ಗಟ್ಟಿ ಚೀಸ್.

ಕೊನೆಗೆ ಬೋರ್ಡೋದ ಸೋಟರ್ನ್ ಸೀಮೆಯ ಸಿಹಿ ವೈನ್, ಅದೂ 1986ರದ್ದೇ. ಮೆರ್ಲೋವನ್ನು ಕೆಡಿಸಿದ ತೇವ ಅಲ್ಲಿ ಉಪಕಾರ ಮಾಡಿತು. ಸಿರೋನ್ ಎಂಬ ತಣ್ಣನೆಯ ಹೊಳೆ ಗಾರೋನ್ ಸೇರುವ ಕಡೆ ಶರತ್ಕಾಲದಲ್ಲಿ ಬೆಳಗ್ಗೆ ಮಂಜು ಕವಿಯುತ್ತದೆ. ಮಳೆಯ ಮೇಲೆ ಮಂಜು, ಮಂಜಿನ ಮೇಲೆ ಬಿಸಿಲು ಬಂದಾಗ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿಗೆ ಹತ್ತಿ, ನೀರು ಆರಿಸಿ, ಸಕ್ಕರೆ ಗಟ್ಟಿ ಮಾಡುತ್ತದೆ. ಆ ವರ್ಷ ಅದು ಬೇಗ, ಚೆನ್ನಾಗಿ ಹರಡಿತು. ಗ್ಲಾಸಿನಲ್ಲಿ ಜೇನು, ಕಿತ್ತಳೆ ಸಿಪ್ಪೆ, ಕೇಸರಿ. ಒಂದೇ ಮಳೆಯಿಂದ ಒಂದು ಕಡೆ ನಷ್ಟ, ಇನ್ನೊಂದು ಕಡೆ ಇಂಥ ವೈನ್. ಒಂದೇ ವರ್ಷದ ಊಟ ಮಾಡದಿದ್ದರೆ ಇದು ನನಗೆ ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತು.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು. ಇಷ್ಟು ದುಬಾರಿ ಬಾಟಲಿಗಳಿಲ್ಲದೆ ಇದನ್ನು ಮಾಡಬಹುದೇ? ಖಂಡಿತ ಮಾಡಬಹುದು. ದೊಡ್ಡ ಹೆಸರು ಬೇಡ. ಮೆಡಾಕ್‌ನ ಕ್ರು ಬೂರ್ಜ್ವಾ, ಅಂದರೆ 1855ರ ಪಟ್ಟಿಯ ಹೊರಗಿನ ತೋಟಗಳ, ವೈನುಗಳನ್ನೂ ಬಲದಂಡೆಯ ಚಿಕ್ಕ ತೋಟದವನ್ನೂ ಒಂದೇ ವರ್ಷದ್ದು ತೆಗೆದುಕೊಳ್ಳಿ. ಹತ್ತು ಹದಿನೈದು ವರ್ಷ ಹಳೆಯದಾದರೂ ಎರಡು ದಂಡೆಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆರು ಮಂದಿ, ಆಳಿಗೊಂದು ಬಾಟಲಿ, ಉಗುಳುವ ಲೋಟ ಮರೆಯಬೇಡಿ.

1986ರದ್ದನ್ನು ಇನ್ನೂ ಎಷ್ಟು ವರ್ಷ ಇಡಬಹುದು ಎಂಬುದು ಎರಡನೆಯ ಪ್ರಶ್ನೆ. ಬಲದಂಡೆಯದ್ದಾದರೆ ಈಗಲೇ ತೆರೆಯಿರಿ. ಸೇಂಟ್ ಜೂಲಿಯನ್, ಪೋಯಾಕ್‌ನ ಒಳ್ಳೆಯ ತೋಟದ್ದಾಗಿದ್ದು, ಮಟ್ಟ ಕತ್ತಿನಲ್ಲಿದ್ದು, ತಂಪಾದ ಕಡೆ ಇಟ್ಟಿದ್ದರೆ ಅವಸರವಿಲ್ಲ. ಆದರೆ ನಿಮ್ಮ ಹತ್ತಿರ ಇರುವುದು ಒಂದೇ ಬಾಟಲಿ ಎಂದಾದರೆ ಇಟ್ಟುಕೊಂಡು ಕೂರಬೇಡಿ. ಅದೇ ವರ್ಷದ ಬಾಟಲಿ ಇರುವ ಇನ್ನಿಬ್ಬರನ್ನು ಹುಡುಕಿ, ದಿನ ಗೊತ್ತು ಮಾಡಿ.